ಹೊಸ ಕಂಪ್ಯೂಟರಿನ ಬಸಿರಲ್ಲಿ ಹಳೆಯ ಕಂಪ್ಯೂಟರು

ನನ್ನ ಅಜ್ಜ ಗಾಡಿ ಕಟ್ಟಿದವರು. ಯಾವ ಬಡಗಿಯನ್ನೂ ಕೇಳದೆ, ಬಿಸಿಲು ತಾಗದಿರಲೆಂದು ನಡುಮನೆಯಲ್ಲೇ ಕೂತು ಕಟ್ಟಿದರು. ಗಾಡಿ ಮುಗಿದ ಮೇಲೆ ಬಾಗಿಲು ಚಿಕ್ಕದೆಂದು ತಿಳಿಯಿತು. ಅಜ್ಜ ಹಿಂಜರಿಯಲಿಲ್ಲ, ಗೋಡೆ ಕೆಡವಿದರು. ನನ್ನ ಅಪ್ಪ ಗೋಡೆ ಗಡಿಯಾರವನ್ನು ತಾವೇ ಬಿಚ್ಚಿ ಜೋಡಿಸಿದರು. ಅದು ಹಿಂದಕ್ಕೆ ಓಡಿತು. (ಆದರೆ ನಿಲ್ಲಲಿಲ್ಲ, ಅದನ್ನು ಗಮನಿಸಬೇಕು.) ಇಂಥ ವಂಶದ ಕುಡಿ ನಾನು. ಮೋಟಾರಿಗೆ ತಂತಿ ಸುತ್ತುವ ವಿದ್ಯೆಯನ್ನು ಯಾವ ಗುರುವಿನ ಕಾಲಿಗೂ ಬೀಳದೆ ಕಲಿತು, ನಲವತ್ತು ವರ್ಷ ಅಂಗಡಿ ನಡೆಸಿದವನು.

ಇಂಥವನ ಮುಖಕ್ಕೇ ನನ್ನ ಹೆಂಡತಿ ಹೇಳಿದ ಮಾತು ಕೇಳಿ: "ರೀ, ಇದು ನಿಮ್ಮ ಕೈಲಾಗಲ್ಲ. ನನ್ನ ತಮ್ಮನ್ನ ಕರೀತೀನಿ."

ನನ್ನಾಕೆ ಬಟ್ಟೆ ಹೊಲಿಯುವವಳು. ಅವಳಲ್ಲೊಂದು ಕಸೂತಿ ಯಂತ್ರವಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಅದು ಬಟ್ಟೆಯ ಮೇಲೆ ಹೊಲಿಯುತ್ತದೆ. ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು, ಹೊಸದು ಬಂತು. ಚಿತ್ರ ಬರೆಯುವ ಹಳೆಯ ಪ್ರೋಗ್ರಾಮು ಮಾತ್ರ ಹೊಸದರಲ್ಲಿ ಏಳಲೊಲ್ಲದು. ಎತ್ತು ಏರಿಗೆಳೆದರೆ ಕೋಣ ನೀರಿಗೆ! ಶನಿವಾರ ಸಂಜೆ ಏಳಕ್ಕೆ ಬ್ಯಾಂಡಿನವರ ನಾಲ್ಕು ಕೋಟುಗಳ ಎದೆಯ ಮೇಲೆ ಕಹಳೆ ಮೂಡಿರಬೇಕು. ಅವಳ ತಮ್ಮನದು ಕಂಪ್ಯೂಟರ್ ರಿಪೇರಿ ಅಂಗಡಿ. (ಅವನ ಬೇರೆ ಗುಣಗಳು ನನ್ನ ಕಣ್ಣಿಗೆ ಬಿದ್ದಿಲ್ಲ.)

ಮೂರು ದಿನ ಓದಿದೆ, ಎಡವಿದೆ, ಮತ್ತೆ ಓದಿದೆ. ಶನಿವಾರ ಬೆಳಗಾಗುವಷ್ಟರಲ್ಲಿ ವರ್ಚುವಲ್ ಮಷೀನ್ ಎಂಬ ತಂತ್ರಾಂಶ ಹಾಕಿ, ಹೊಸ ಕಂಪ್ಯೂಟರಿನ ಒಂದು ಕಿಟಕಿಯೊಳಗೆ ಹಳೆಯದನ್ನು ಎಬ್ಬಿಸಿ ಕೂರಿಸಿದ್ದೆ. ಪ್ರೋಗ್ರಾಮೂ ಎದ್ದು ಕೂತಿತು.

"ನೋಡೇ, ಕಂಪ್ಯೂಟರಿನ ಹೊಟ್ಟೇಲಿ ಇನ್ನೊಂದು ಕಂಪ್ಯೂಟರು!"

"ಎಷ್ಟು ತಿಂಗಳು?"

"ತಮಾಷೆ ಬೇಡ. ಒಳಗಿರೋದು ಈಗ ಹೇಗಿದೆಯೋ ಹಾಗೇ ಒಂದು ಅಚ್ಚು ತೆಗೆದಿಟ್ಟಿದೀನಿ. ಸ್ನ್ಯಾಪ್‌ಶಾಟ್ ಅಂತಾರೆ. ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದ್ರೆ ವಾಪಸ್ ಈ ಗಳಿಗೆಗೇ."

"ಮದುವೆಗೂ ಇಂಥದ್ದೊಂದು ಇದ್ದಿದ್ರೆ..." ಎಂದು ಉಸಿರುಬಿಟ್ಟು ಅವಳು ಕೆಲಸಕ್ಕೆ ಕೂತಳು.

ಒಂಬತ್ತರಿಂದ ಮೂರರವರೆಗೆ ಕಹಳೆ ಬರೆದಳು. ಆಮೇಲೆ ಕೋಟುಗಳಿಗೆ ಇಸ್ತ್ರಿ ಹಾಕಲು ಎದ್ದು ಹೋದಳು. ನಾನು ಸುಮ್ಮನೆ ನೋಡೋಣವೆಂದು ಕೂತೆ. ಕೈ ಎಲ್ಲಿ ತಗುಲಿತೋ, ಒಳಗಿನ ಪರದೆಯ ಕೆಳಗಿದ್ದ ಪಟ್ಟಿ ಹಲ್ಲಿಯಂತೆ ಸರ್ರನೆ ಪಕ್ಕದ ಗೋಡೆ ಹತ್ತಿತು. ಇಷ್ಟಕ್ಕೆ ಹೆಂಡತಿಯನ್ನು ಕರೆಯುವುದೇ? ಅಚ್ಚಿನ ಗುಂಡಿ ಒತ್ತಿದೆ. "ಈಗಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ?" ಎಂದು ಕೇಳಿತು. ಮೂವತ್ತೆಂಟು ವರ್ಷದ ದಾಂಪತ್ಯ ನನ್ನದು. ಯಾರು ಏನು ಕೇಳಿದರೂ ಮೊದಲು ಹೂಂ ಎನ್ನುವುದು, ಕೇಳಿದ್ದೇನೆಂದು ಆಮೇಲೆ ಯೋಚಿಸುವುದು. ಹೂಂ ಎಂದೆ. ಪಟ್ಟಿ ವಿನಯದಿಂದ ಕೆಳಗಿಳಿಯಿತು. ನೆಗಡಿ ಹೋಗಿತ್ತು. ಮೂಗೂ ಹೋಗಿತ್ತು.

"ರೀ, ನನ್ನ ಕಹಳೆ ಎಲ್ಲಿ?"

"ಅದಿನ್ನೂ ಹುಟ್ಟಿಲ್ಲ ಕಣೇ. ಒಳಗಡೆ ಈಗಿನ್ನೂ ಬೆಳಿಗ್ಗೆ ಒಂಬತ್ತು ಗಂಟೆ."

ಅವಳು ಕೂಗಾಡಲಿಲ್ಲ. (ಅದೇ ಭಯ.) "ಮಾವನವರ ಗಡಿಯಾರ ನೆನಪಾಯ್ತು," ಎಂದಷ್ಟೇ ಹೇಳಿ, ತಮ್ಮನಿಗೊಂದು ಫೋನು ಮಾಡಿದಳು. ಅವನು ಅಂಗಡಿ ಮುಚ್ಚಿ ಬರುವಾಗ ಏಳಾಗುತ್ತದಂತೆ. ನನ್ನ ತೊಡೆಯ ಮೇಲೆ ಒಂದು ಕೋಟು, ಸೂಜಿ, ಹೊಂಬಣ್ಣದ ದಾರ ಬಂದು ಬಿದ್ದವು.

"ಮತ್ತೆ ಬರೆಯೋಕೆ ಹೊತ್ತಿಲ್ಲ, ಕೈಲೇ ಹೊಲೀಬೇಕು. ಮೂರು ನನಗೆ, ಒಂದು ನಿಮಗೆ. ಸುಣ್ಣದ ಗೆರೆ ಎಳೆದಿದೀನಿ, ಅದರ ಮೇಲೇ ಹೋಗಿ. ಹೇಗೆ ಅಂತ ತೋರಿಸ್ಲಾ?"

"ಬೇಡ. ತಂತಿ ಸುತ್ತಿದ ಕೈ ಇದು."

ಏಳಕ್ಕೆ ಬ್ಯಾಂಡ್ ಮಾಸ್ತರರೂ ಅವಳ ತಮ್ಮನೂ ಒಟ್ಟಿಗೇ ಬಂದರು. ಅವಳು ಮೂರು ಕೋಟು ಕೊಟ್ಟಳು. ನನ್ನ ಕಹಳೆ ಅವುಗಳಿಗಿಂತ ಗಟ್ಟಿಯಾಗಿ ಮೂಡಿತ್ತೆಂದು ನಾನೇ ಹೇಳಬೇಕು. ಹೆಮ್ಮೆಯಿಂದ ಎದ್ದೆ. ಕೋಟೂ ಎದ್ದಿತು. ಎಳೆದೆ. ಪ್ಯಾಂಟೂ ಬಂತು. ಕೋಟಿಗೂ ನನ್ನ ತೊಡೆಗೂ ಒಂದೇ ಕಹಳೆ!

"ಭಾವ, ಕತ್ತರಿ ಕೊಡ್ಲಾ?" ತುಟಿ ಕಚ್ಚಿಕೊಂಡು ಕೇಳಿದ ಆ ರಿಪೇರಿಯವನು.

"ಎಂಟಕ್ಕೆ ನಮ್ಮ ಕಾರ್ಯಕ್ರಮ, ಸ್ವಾಮಿ!" ಎಂದರು ಮಾಸ್ತರರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

"ಕತ್ತರಿ ಯಾರೂ ಮುಟ್ಟಬೇಡಿ," ಎಂದೆ. "ನಡೀರಿ ಮಾಸ್ತರೇ. ಕೋಟು ಹೋಗೋ ಕಡೆ ನಾನೂ ಬರ್ತೀನಿ. ದಾರೀಲಿ ನಾನೇ ಬಿಚ್ಕೋತೀನಿ!"