ಅಂಬಿಗನ ಕೊನೆಯ ಸಂಪುಟ

ಪಾರ್ಸೆಲ್ಲಿಗೆ ಮನೆಯ ವಿಳಾಸ ಬಿಟ್ಟು ಆಸ್ಪತ್ರೆಯ ವಿಳಾಸ ಕೊಟ್ಟಿದ್ದೇ ತಪ್ಪಾಯಿತು. ಆದರೆ ಕಾರ್ಟೂನು ಇನ್ನೇನು ಮಾಡಬೇಕಿತ್ತು? ಹಗಲೆಲ್ಲ ಅವನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಅಣ್ಣ ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಅತ್ತಿಗೆ ಅಣ್ಣನ ಪಕ್ಕದ ಸ್ಟೂಲಿನ ಮೇಲೆ. ಮನೆಯಲ್ಲಿ ಪಾರ್ಸೆಲ್ ತೆಗೆದುಕೊಳ್ಳಲು ಬಾಗಿಲಿನ ಬೀಗವೊಂದೇ ಇತ್ತು.

ಕಾರ್ಟೂನು ಎಂಬುದು ಜೊತೆಯಲ್ಲಿ ಕೆಲಸ ಮಾಡುವವರು ಇಟ್ಟ ಹೆಸರು. ನಲವತ್ನಾಲ್ಕು ವರ್ಷದ ಬೋಳುತಲೆಯ ಗಂಡಸು ಊಟದ ಬಿಡುವಿನಲ್ಲಿ ಚಿತ್ರದ ಪುಸ್ತಕ ಹಿಡಿದು ಕೂತರೆ ಇನ್ನೇನೆಂದು ಕರೆಯುತ್ತಾರೆ? "ಇದು ಕಾರ್ಟೂನಲ್ಲ ಕಣ್ರೀ, ಮಾಂಗಾ. ಜಪಾನಿಂದು. ಬಲಗಡೆಯಿಂದ ಎಡಗಡೆಗೆ ಓದ್ಬೇಕು," ಎಂದು ಮೊದಮೊದಲು ವಿವರಿಸುತ್ತಿದ್ದ. ಕೇಳಿದವರು ತಲೆಯಾಡಿಸಿ, "ಆಯ್ತು ಕಾರ್ಟೂನ್ ಸಾರ್," ಎನ್ನುತ್ತಿದ್ದರು. ಆಮೇಲೆ ವಿವರಿಸುವುದನ್ನು ಬಿಟ್ಟ.

ಈ ಹುಚ್ಚು ಹಿಡಿಸಿದವನು ಅಣ್ಣ. ಅಣ್ಣನ ಮಂಚದ ಕೆಳಗೆ ಅಮೆರಿಕದ ಕಾಮಿಕ್ಸು, ಕಪಾಟಿನ ತುಂಬ ಮಾಂಗಾ, ಅತ್ತಿಗೆಯ ಸೀರೆಗಳಿಗೆ ಉಳಿದದ್ದು ಒಂದೇ ಒಂದು ಅರೆ. ಅದರಲ್ಲೂ ಒಬ್ಬ ಅಂಬಿಗನ ಕತೆಯೆಂದರೆ ಇಬ್ಬರಿಗೂ ಪ್ರಾಣ. ದೋಣಿಯ ಹುಟ್ಟನ್ನೇ ಆಯುಧ ಮಾಡಿಕೊಂಡು ನದಿಯ ಪಿಶಾಚಿಗಳ ಜೊತೆ ಹೊಡೆದಾಡುವವನು. ಇಪ್ಪತ್ತೆರಡು ವರ್ಷ, ನಲವತ್ತೊಂದು ಸಂಪುಟ. ನಲವತ್ತೊಂದರ ಕೊನೆಯಲ್ಲಿ ಎದೆಗೆ ಈಟಿ ನೆಟ್ಟು ಅಂಬಿಗ ನೀರಿಗೆ ಬಿದ್ದಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಒಂದೇ ಜಗಳ.

"ಏಳ್ತಾನೆ, ನೋಡ್ತಿರು," ಎನ್ನುತ್ತಿದ್ದ ಅಣ್ಣ. "ಅಮೆರಿಕದ ಕಾಮಿಕ್ಸಲ್ಲಿ ಸತ್ತವನು ಮೂರನೇ ಸಂಚಿಕೆಗೆ ಎದ್ದು ಕೂತಿರ್ತಾನೆ."

"ಅದು ಅಮೆರಿಕ. ಇಲ್ಲಿ ಸತ್ರೆ ಸತ್ತ ಹಾಗೇ."

ಅಷ್ಟರಲ್ಲಿ ಅಣ್ಣನ ಹೃದಯವೇ ಕೈಕೊಟ್ಟಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಬದುಕುವುದು ಅರ್ಧ, ಉಳಿದದ್ದು ಅರ್ಧ ಎಂದರು ಡಾಕ್ಟರು. ಅದೇ ದಿನ ನಲವತ್ತೆರಡನೇ ಸಂಪುಟವೂ ಬರುವುದಿತ್ತು, ಕೊನೆಯದು.

"ನಾಲ್ಕು ಗಂಟೆಗೆ ನನ್ನ ಒಳಗೆ ಕರ್ಕೊಂಡು ಹೋಗ್ತಾರೆ," ಎಂದ ಅಣ್ಣ ಬೆಳಿಗ್ಗೆ. "ಅದಕ್ಕೆ ಮುಂಚೆ ಇಬ್ರೂ ಸೇರಿ ಓದೋಣ. ನೀನೊಬ್ಬನೇ ತೆರೆದ್ರೆ ನನ್ನಾಣೆ. ಅವನು ಎದ್ರೆ ನಾನೂ ಏಳ್ತೀನಿ."

ಹೇಳಿ ಅಣ್ಣ ನಕ್ಕ. ಕಾರ್ಟೂನಿಗೆ ನಗು ಬರಲಿಲ್ಲ. ಅಣ್ಣ ತಮಾಷೆ ಮಾಡುವಾಗ ಹೇಗಿರುತ್ತಾನೆಂದು ಅವನಿಗೆ ಗೊತ್ತಿತ್ತು, ಇದು ಹಾಗಿರಲಿಲ್ಲ.

ಹನ್ನೊಂದಕ್ಕೆ ಗೇಟಿನ ಕಾವಲುಗಾರ ಕರೆ ಕಳಿಸಿದ. ಒಳಗೆ ಬರುವ ಪಾರ್ಸೆಲ್ಲನ್ನೆಲ್ಲ ಬಿಚ್ಚಿ ನೋಡುವುದು ಅವನ ಕೆಲಸ, ಓದುವುದು ಅವನ ಚಪಲ.

"ಕತೆ ಚೆನ್ನಾಗಿದೆ ಸಾರ್. ಮಾತೇ ಇಲ್ಲ, ಬರೀ ಚಿತ್ರ. ಆದ್ರೆ ಪಾಪ, ದೋಣಿಯವನು ಹೋಗ್ಬಿಟ್ಟ."

ಕಾರ್ಟೂನು ಕಿವಿ ಮುಚ್ಚಿಕೊಂಡ. ಕಾವಲುಗಾರ ಅವನ ಕೈ ಸರಿಸಿ ಪೂರ್ತಿ ಮಾಡಿದ. "ಮನೆಯಿಂದ ಹೊರಟ. ಸೇತುವೆ ದಾಟಿದ. ದಡದಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಹೋಗಿ ಮಲಗಿದ. ಮುಚ್ಚಳ ಹಾಕ್ಕೊಂಡ. ಅಷ್ಟೇ."

ಮಾಂಗಾದ ಹಿಂದಿನ ರಟ್ಟು ಇರುವುದು ನಮ್ಮ ಪುಸ್ತಕಗಳ ಮುಂದಿನ ರಟ್ಟಿನ ಜಾಗದಲ್ಲಿ. ಎಲ್ಲರಂತೆ ತೆರೆದವನ ಕಣ್ಣಿಗೆ ಮೊದಲು ಬೀಳುವುದೇ ಕತೆಯ ಕೊನೆ. ಇಬ್ಬರು ಇಪ್ಪತ್ತೆರಡು ವರ್ಷ ಕಾದ ಕೊನೆಯನ್ನು ಈ ಮಹಾರಾಯ ಟೀ ಕುಡಿಯುತ್ತಾ ನೋಡಿ ಮುಗಿಸಿದ್ದ.

ಇವನಿಗೇನು ಗೊತ್ತು ಎಂದುಕೊಂಡು ಪುಸ್ತಕವನ್ನು ಮೇಜಿನ ಮೇಲಿಟ್ಟು ಕಾರ್ಟೂನು ಒಂದು ಮುರಿದ ಮಣಿಕಟ್ಟಿನ ಚಿತ್ರ ತೆಗೆಯಲು ಹೋದ. ಬರುವಷ್ಟರಲ್ಲಿ ಗುಡಿಸುವ ಆಯಾ ಪುಸ್ತಕ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. "ಗಟ್ಟಿಮುಟ್ಟಾಗಿದ್ದೋನು ತಾನೇ ಹೋಗಿ ಪೆಟ್ಟಿಗೇಲಿ ಮಲಗ್ತಾನಲ್ಲಪ್ಪಾ."

ಹಿರಿಯ ಟೆಕ್ನೀಷಿಯನ್ನೂ ಅವಳ ಹೆಗಲ ಮೇಲಿಂದ ನೋಡಿದ್ದ. "ಹೌದಪ್ಪ, ಕೊನೇಲಿ ಮುಚ್ಚಳವೇ. ನಿಮ್ಮಣ್ಣಂಗೆ ತೋರಿಸಬೇಡ. ಆ ಹಾಳೆ ಹರಿದುಬಿಡು."

"ಹರಿಯೋದ್ಯಾಕೆ, ಎದ್ದ ಅಂತ ಸುಳ್ಳು ಹೇಳಿದ್ರಾಯ್ತು," ಎಂದಳು ಆಯಾ. "ಸಾಯೋರ ಹತ್ರ ಸುಳ್ಳು ಹೇಳಿದ್ರೆ ತಪ್ಪಿಲ್ಲ." ಕಾರ್ಟೂನಿನ ಮುಖ ನೋಡಿ, "ಹುಷಾರಿಲ್ಲದೋರ ಹತ್ರ ಅಂದೆ," ಎಂದು ತಿದ್ದಿಕೊಂಡಳು.

ಮೂವರು ಒಂದೇ ಮಾತು ಹೇಳಿದ ಮೇಲೆ ನಂಬದೆ ವಿಧಿಯಿಲ್ಲ. ತೆರೆದು ನೋಡಲು ಕೈ ಬರಲಿಲ್ಲ. ಅಣ್ಣನ ಆಣೆ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಅಣ್ಣನ ಕೈಗಂತೂ ಕೊಡುವಂತಿಲ್ಲ. ಎಕ್ಸ್‌ರೇ ತೆಗೆಯುವಾಗ ತೊಡುವ ಸೀಸದ ಅಂಗಿಯ ಕೆಳಗೆ ಪುಸ್ತಕ ಬಚ್ಚಿಟ್ಟ.

ಇನ್ನೊಂದು ಕಷ್ಟವಿತ್ತು. ಸುಳ್ಳು ಹೇಳುವಾಗ ಕಾರ್ಟೂನಿನ ಎಡಗೈ ತಾನಾಗಿ ಎಡಕಿವಿ ಹಿಡಿದುಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಹಾಗೆಯೇ, ಅಣ್ಣನಿಗೆ ಚೆನ್ನಾಗಿ ಗೊತ್ತು. ಮೂರೂವರೆಗೆ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಮೇಲೆ ಹೋದ.

ಅಣ್ಣನನ್ನು ಆಗಲೇ ಟ್ರಾಲಿಯ ಮೇಲೆ ಮಲಗಿಸಿದ್ದರು. ಅತ್ತಿಗೆ ಅವನ ಕನ್ನಡಕ ಹಿಡಿದು ನಿಂತಿದ್ದಳು.

"ಬಂತಾ?"

"ಬಂತು. ತಡೆಯೋಕಾಗ್ಲಿಲ್ಲ ಅಣ್ಣ, ಓದ್ಬಿಟ್ಟೆ."

"ಕಳ್ಳ. ಏನಾಯ್ತು ಹೇಳು."

ಕಾರ್ಟೂನು ಕಾವಲುಗಾರ ಹೇಳಿದ್ದನ್ನೇ ತಿರುಗುಮುರುಗು ಮಾಡಿದ. "ಎದ್ದ. ಪೆಟ್ಟಿಗೆಯ ಮುಚ್ಚಳ ತೆಗೆದು ಎದ್ದ. ಸೇತುವೆ ದಾಟಿ ಮನೆಗೆ ಬಂದ. ನೀನೇ ಗೆದ್ದೆ."

ಅಣ್ಣನ ಮುಖ ಅರಳಿತು. ಮರುಕ್ಷಣ ಅವನ ದೃಷ್ಟಿ ಕೆಳಗಿಳಿಯಿತು. "ಕೈ ಯಾಕೆ ಜೇಬಲ್ಲಿ?"

"ಚಳಿ."

"ತೆಗಿ."

ತೆಗೆದ. ಎಡಗೈ ಸೀದಾ ಕಿವಿಗೆ ಹೋಯಿತು.

ಅಣ್ಣ ಆ ಕೈ ಹಿಡಿದು ಕೆಳಗಿಳಿಸಿದ. "ಹೋಗ್ಲಿ ಬಿಡು," ಎಂದ. "ನೀನೇ ಗೆದ್ದೆ." ಟ್ರಾಲಿ ಉರುಳಿಕೊಂಡು ಹೋಯಿತು.

ಎಕ್ಸ್‌ರೇ ಕೋಣೆಗೆ ಬಂದು ಕಾರ್ಟೂನು ಸೀಸದ ಅಂಗಿ ಎತ್ತಿದ. ಆಣೆ ಹೇಗೂ ಮುರಿದಂತೆಯೇ ಆಗಿತ್ತು. ಪುಸ್ತಕವನ್ನು ಬಲಗಡೆಯಿಂದ ತೆರೆದು, ತೆರೆಯಬೇಕಾದಂತೆ ತೆರೆದು, ಒಂದೊಂದೇ ಪುಟ ಓದಿದ. ಕೊನೆಯ ಹನ್ನೊಂದು ಪುಟಗಳಲ್ಲಿ ಮಾತಿರಲಿಲ್ಲ. ದಡದಲ್ಲಿ ಒಂದು ಪೆಟ್ಟಿಗೆ. ಮುಚ್ಚಳ ಸರಿಯುತ್ತದೆ. ಒಂದು ಕೈ ಹೊರಬರುತ್ತದೆ. ಅಂಬಿಗ ಎದ್ದು ಕೂರುತ್ತಾನೆ. ಸೇತುವೆ. ಮನೆ. ತೆರೆದ ಬಾಗಿಲು.

ಮೂವರೂ ಕೊನೆಯನ್ನು ಮೊದಲು ನೋಡಿದ್ದಷ್ಟೇ ಅಲ್ಲ, ಪುಟಗಳನ್ನು ಹಿಂದುಮುಂದಾಗಿ ಮಗುಚುತ್ತಾ ಎದ್ದವನನ್ನು ಮಲಗಿಸಿದ್ದರು. ಇಪ್ಪತ್ತೆರಡು ವರ್ಷ ಬಲದಿಂದ ಎಡಕ್ಕೆ ಓದಿದವನಿಗೆ ಆ ಒಂದು ದಿನ ಅದು ಹೊಳೆಯಲಿಲ್ಲ. ತಾನು ಹೇಳಿದ ಸುಳ್ಳು ಅಕ್ಷರಶಃ ನಿಜವಾಗಿತ್ತು.

ಕಾರ್ಟೂನು ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ಓಡಿದ. ಆಪರೇಷನ್ ಕೋಣೆಯ ಮೇಲೆ ಕೆಂಪು ದೀಪ ಹೊತ್ತಿತ್ತು. ಮಧ್ಯಾಹ್ನದ ಪಾಳಿಗೆ ಅದೇ ಕಾವಲುಗಾರ ಅಲ್ಲಿ ನಿಂತಿದ್ದ.

"ಒಂದೇ ಒಂದು ಮಾತು ಹೇಳ್ಬೇಕು, ಬಿಡಪ್ಪ."

"ಯಾರಿಗೆ ಹೇಳ್ತೀರಿ ಸಾರ್? ಆಗ್ಲೇ ಮತ್ತು ಕೊಟ್ಟಾಯ್ತು."

ಆರೂವರೆಗೆ ಡಾಕ್ಟರು ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊರಬಂದರು. ನಿಲ್ಲಿಸಿದ ಹೃದಯ ಮತ್ತೆ ಬಡಿಯಲೇ ಇಲ್ಲ ಎಂದರು. ಅತ್ತಿಗೆ ಅಣ್ಣನ ಕನ್ನಡಕವನ್ನು ಸೆರಗಿನಿಂದ ಒರೆಸತೊಡಗಿದಳು. ನರ್ಸು ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಕಾವಲುಗಾರ ಬೆಂಚಿನ ಮೇಲೆ ಕಾರ್ಟೂನಿನ ಪಕ್ಕ ಬಂದು ಕೂತ. ಕೆಟ್ಟವನೇನಲ್ಲ. "ಸಮಾಧಾನ ಮಾಡ್ಕೊಳ್ಳಿ ಸಾರ್. ಪುಸ್ತಕದಲ್ಲೂ ಹೀಗೇ ಆಯ್ತಲ್ಲ."

ಕಾರ್ಟೂನು ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು ಬಲಗಡೆಯಿಂದ ತೆರೆದ. ಹನ್ನೊಂದು ಪುಟಗಳನ್ನೂ ಬೆರಳಿಟ್ಟು, ಚಿತ್ರದ ಮೇಲೆ ಚಿತ್ರ ತೋರಿಸಿದ. ಯಾರಿಗಾದರೂ ತೋರಿಸಲೇಬೇಕಿತ್ತು. ತೆರೆದ ಬಾಗಿಲು ಬರುವಷ್ಟರಲ್ಲಿ ಕಾವಲುಗಾರ ಬಾಗಿ ಕೂತಿದ್ದ.

"ಅಯ್ಯೋ, ಎದ್ದು ಬರ್ತಾನೆ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನಿಮ್ಮಣ್ಣಂಗೆ ಹೇಳಿದ್ರಾ ಸಾರ್?"

"ಹೇಳ್ದೆ," ಎಂದ ಕಾರ್ಟೂನು. ಎಡಗೈ ಪುಸ್ತಕದ ಮೇಲೆಯೇ ಇತ್ತು.