ಚುಕ್ಕಿಗೆ ಬಂದ ಕಾಯಿಲೆ, ಕೊಟ್ರೇಶ ಮಾಡಿದ ತನಿಖೆ

"ಪೀಣ್ಯದಾಗ ಪಂಪು ಕೆಟ್ರೆ, ಅದು ಯಾಕೆ ಕೆಡ್ತು ಅಂತ ಹೇಳಾಕ ಈ ಕೊಟ್ರೇಶನೇ ಬೇಕು. ಇನ್ನು ಒಂದು ಕೋಳಿ ಯಾವ ಲೆಕ್ಕ!"

ಶನಿವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಟೆರೇಸಿನ ಮೇಲೆ ನಿಂತು ಕೊಟ್ರೇಶ ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಮೂವರು. ಹೆಂಡತಿ ಮಹಾದೇವಿ, ನಾಲ್ಕನೇ ಕ್ಲಾಸಿನ ಮಗಳು ಸ್ಫೂರ್ತಿ, ಮತ್ತು ಮೂಲೆಯಲ್ಲಿ ಕತ್ತು ಒಳಗೆಳೆದುಕೊಂಡು, ರೆಕ್ಕೆ ಜೋತುಬಿಟ್ಟುಕೊಂಡು ಕೂತಿದ್ದ ಚುಕ್ಕಿ. ಮೂವರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಪ್ಪಾ, ಚುಕ್ಕಿ ಸತ್ತೋಗುತ್ತಾ?" ಎಂದಳು ಸ್ಫೂರ್ತಿ. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿದ್ದವು.

"ನಾನಿರೋವಾಗ? ಛೇ! ಮೂಲ ಕಾರಣ ಹಿಡಿದ್ರೆ ಮುಗೀತು ಪುಟ್ಟಾ. ಅಪ್ಪ ಮಾತು ಕೊಟ್ಟಾನ, ಚುಕ್ಕಿನ ಉಳಿಸ್ತಾನ."

ಮಾತು ಕೊಡುವುದಕ್ಕೆ ಮುಂಚೆ ಮನುಷ್ಯ ಒಂದು ಲೋಟ ನೀರು ಕುಡಿಯಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಕೊಟ್ರೇಶ ಕುಡಿಯಲಿಲ್ಲ.

ಚುಕ್ಕಿ ಅಂದರೆ ಇನ್ನೂ ಮೊಟ್ಟೆಗೆ ಬಾರದ ಹ್ಯಾಟೆ ಕೋಳಿ. ಸ್ಕೂಲ್ ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಬಣ್ಣ ಬಳಿದ ಮರಿಗಳನ್ನು ಮಾರುತ್ತಾರಲ್ಲ, ಅದರಲ್ಲೊಂದನ್ನು ಸ್ಫೂರ್ತಿ ಊಟದ ಬ್ಯಾಗಿನಲ್ಲಿ ಕೂರಿಸಿಕೊಂಡು ತಂದಿದ್ದಳು. ಅವತ್ತು ಮನೆಯಲ್ಲಿ ಭೂಕಂಪ. "ಲಿಂಗಪೂಜಿ ಮಾಡೋ ಮನ್ಯಾಗ ಕೋಳಿ ಏನ್ರೀ! ನಮ್ಮವ್ವಗ ಗೊತ್ತಾದ್ರ ಕೊಟ್ಟೂರಿಂದ ಬಂದು ಈ ಮನ್ಯಾಗ ಹನಿ ನೀರು ಮುಟ್ಟಂಗಿಲ್ಲ!" ಎಂದು ಮಹಾದೇವಿ ಕೂಗಾಡಿದ್ದಳು. ಗುಲಾಬಿ ಬಣ್ಣದ ಆ ಮರಿ ಸೀದಾ ನಡೆದು ಬಂದು, ಅವಳ ಸೀರೆಯ ನೆರಿಗೆಯೊಳಗೆ ತಲೆ ಹುದುಗಿಸಿ ನಿದ್ದೆ ಹೋಯಿತು. ಆಮೇಲೆ ಕೂಗಾಟ ನಿಂತಿತು. ಬಣ್ಣ ಬಿಟ್ಟ ಮೇಲೆ ಕಂದು ಮೈಯಲ್ಲಿ ಬಿಳಿ ಚುಕ್ಕೆಗಳು ಕಂಡವು, ಹೆಸರೂ ಸಿಕ್ಕಿತು.

ಅವರಿರುವುದು ತುಮಕೂರು ರೋಡಿನ ಮಾಕಳಿಯಲ್ಲಿ, ಬಾಡಿಗೆಯ ಮಹಡಿ ಮನೆಯಲ್ಲಿ. ಕೆಳಗೆ ಓನರ್ ಅಂಜಿನಮ್ಮ. ಒಂದು ಕಾಲದಲ್ಲಿ ಸುತ್ತಲಿನ ಹೊಲವೆಲ್ಲ ಅವಳ ಮನೆತನದ್ದು. ಈಗ ಉಳಿದಿರುವುದು ಮನೆಯ ಹಿಂದಿನ ಒಂದು ತುಂಡು ಹಿತ್ತಲು, ಒಂದು ನುಗ್ಗೆಮರ, ನಾಲ್ಕಾರು ಕೋಳಿ, ಮತ್ತು ಇಡೀ ಬೀದಿಯನ್ನು ಎಬ್ಬಿಸುವ ಒಂದು ಕೆಂಪು ಹುಂಜ. ಚುಕ್ಕಿ ಆ ಬಳಗದಲ್ಲೇ ಕೆದಕಿಕೊಂಡು, ಗುಂಡುಗುಂಡಾಗಿ ಬೆಳೆಯಿತು.

ಅಲ್ಲಿಗೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಂದು ಭಾನುವಾರ ಚುಕ್ಕಿ ಉದ್ದನೆಯ ಎರೆಹುಳವೊಂದನ್ನು ಶ್ಯಾವಿಗೆ ಹೀರುವ ಹಾಗೆ ಹೀರುತ್ತಿದ್ದುದು ಕೊಟ್ರೇಶನ ಕಣ್ಣಿಗೆ ಬಿತ್ತು. ಅವನ ಏಳು ತಲೆಮಾರು ಒಮ್ಮೆಗೇ ಬೆಚ್ಚಿಬಿತ್ತು.

"ಮಾದೇವೀ! ನಮ್ಮ ಮನಿ ಕೂಸು ಹುಳ ತಿನ್ನಾಕತ್ತೈತಿ!"

"ಅದು ಕೋಳಿ ಕಣ್ರೀ."

"ಯಾರ ಮನಿ ಕೋಳಿ?"

ಅಂದಿನಿಂದ ಚುಕ್ಕಿಗೆ ಮೇಲ್ಮನೆ ವಾಸ. ಟೆರೇಸಿಗೆ ಟೈಲ್ಸ್ ಹಾಕಿತ್ತು, ಅದನ್ನು ಕೊಟ್ರೇಶ ದಿನವೂ ತೊಳೆದ. ಕುಡಿಯಲು ಫಿಲ್ಟರ್ ನೀರು ಇಟ್ಟ. ತಿನ್ನಲು ಊರಿಂದ ಬರುವ ಬಿಳಿಜೋಳ, ಅದೂ ಮಹಾದೇವಿ ಆರಿಸಿದ್ದು. ಆಕೆ ಮೊರದ ಮುಂದೆ ಕೂತಳೆಂದರೆ ಯಾವ ಕಲ್ಲಿಗೂ ಉಳಿಗಾಲವಿಲ್ಲ. ಅವಳ ಕೈಯ ರೊಟ್ಟಿ ತಿಂದು ಇವತ್ತಿನವರೆಗೆ ಒಬ್ಬರೂ ಕಲ್ಲು ಕಡಿದಿಲ್ಲ ಎಂಬುದು ಅವಳ ತವರಿನ ಕೀರ್ತಿ. ಹುಳವಿಲ್ಲ, ಮಣ್ಣಿಲ್ಲ, ಕಲ್ಲಿಲ್ಲ, ಕಸವಿಲ್ಲ! "ಇದಕ್ಕ ಅಂತಾರ ವೈಜ್ಞಾನಿಕ ಸಾಕಾಣಿಕಿ" ಎಂದು ಕೊಟ್ರೇಶ ಆಫೀಸಿನಲ್ಲೂ ಫೋಟೋ ತೋರಿಸಿ ಬಂದ.

ಇಷ್ಟೆಲ್ಲ ಮಾಡಿದ ಮೇಲೂ ಚುಕ್ಕಿ ಕಾಯಿಲೆ ಬಿದ್ದರೆ ಕೊಟ್ರೇಶನಿಗೆ ಅವಮಾನವಾಗದೆ ಇರುತ್ತದೆಯೇ? ಕಾಳು ಮುಟ್ಟದು. ಕುತ್ತಿಗೆಯ ಕೆಳಗೆ ಎದೆಯ ಮೇಲೆ ನಿಂಬೆಹಣ್ಣಿನಷ್ಟು ಗಟ್ಟಿ ಗಡ್ಡೆ. ಆಗಾಗ ಕತ್ತು ಚಾಚಿ ಆಕಳಿಸುವ ಹಾಗೆ ಬಾಯಿ ತೆರೆಯುತ್ತಿತ್ತು.

ಪಂಪಿನ ಕಂಪನಿಯಲ್ಲಿ ಗುಣಮಟ್ಟ ನೋಡುವ ಕೊಟ್ರೇಶನ ಪದ್ಧತಿ ಒಂದೇ. ಮಾಲು ಕೆಟ್ಟರೆ ಮೊದಲು ಮಾಲು ಕೊಟ್ಟವನನ್ನು ಹಿಡಿ. ಆ ಪದ್ಧತಿಯನ್ನೇ ಅವನು ಮನೆಗೂ ತಂದ. ಜೋಳದ ಡಬ್ಬ ಬಗ್ಗಿಸಿ, ಹಾಳೆಯ ಮೇಲೆ ಸುರಿದು, ಕನ್ನಡಕ ಏರಿಸಿ ಹುಡುಕಿದ. ಬೆಟ್ಟ ಅಗೆದು ಇಲಿ ಹಿಡಿದವನ ಹಾಗೆ ಸಾಸಿವೆಗಿಂತ ಚೂರು ದೊಡ್ಡ ಕಲ್ಲೊಂದನ್ನು ಎತ್ತಿ ಹಿಡಿದ.

"ಇದೇನು?"

"ಕಲ್ಲು" ಎಂದಳು ಮಹಾದೇವಿ.

"ಎಲ್ಲಿತ್ತು?"

"ನಿಮ್ಮ ತಲ್ಯಾಗಿಂದ ಉದುರಿರಬೇಕು."

"ತಮಾಷಿ ಬ್ಯಾಡ! ನಿನ್ನ ಜೋಳದಾಗಿತ್ತು. ಈ ಕಲ್ಲು ಹೋಗಿ ಗಂಟಲಾಗ ಸಿಕ್ಕೊಂಡು ಗಡ್ಡಿ ಆಗೈತಿ. ಸರಿಯಾಗಿ ಆರಿಸಾಕ ಏನು ಕಷ್ಟ ನಿನಗ?"

ಮಹಾದೇವಿಯನ್ನು ಬೈದವರುಂಟು, ಆಕೆಯ ಜೋಳವನ್ನು ಬೈದವರಿಲ್ಲ. ಮೊರ ತೆಗೆದುಕೊಂಡು ಬಾಗಿಲ ಬೆಳಕಿಗೆ ಕೂತು ಇಡೀ ಡಬ್ಬವನ್ನು ಮತ್ತೆ ಆರಿಸಿದಳು. ಮಧ್ಯೆ ಮಧ್ಯೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊಟ್ರೇಶ ಅದನ್ನು ನೋಡಿದ. ನೋಡಿಯೂ, ಮಾಲಿನ ಗುಣಮಟ್ಟ ಸುಧಾರಿಸುತ್ತಿದೆ ಎಂದು ಸಮಾಧಾನಪಟ್ಟುಕೊಂಡ, ಪುಣ್ಯಾತ್ಮ!

ಮತ್ತೆ ಆರಿಸಿದ ಜೋಳ ಬಂತು. ಚುಕ್ಕಿ ಮೂಸಲೂ ಇಲ್ಲ. ಕೊಟ್ರೇಶನ ಅನುಮಾನ ಮೆಟ್ಟಿಲಿಳಿದು ಹಿತ್ತಲಿಗೆ ಹೋಯಿತು. ಅದರ ಹಿಂದೆ ಅವನೂ ಹೋದ, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಒಂದು ಬಾಟಲಿ ಫಿನಾಯಿಲ್ ಸಮೇತ. ಅಂಜಿನಮ್ಮ ಕೋಳಿಗಳಿಗೆ ಅನ್ನ ಹಾಕುತ್ತಿದ್ದವಳು ಗಾಬರಿಯಾದಳು.

"ಯಾಕ್ ಸಾರ್, ಇಂಗ್ ಬಂದ್ರಿ? ಮೋರಿ ಏನಾರಾ ಕಟ್ಕೊಂಡೈತಾ?"

"ಅಮ್ಮಾ, ನಿಮ್ಮ ಕೋಳಿಗಳಿಂದ ನಮ್ಮ ಚುಕ್ಕಿಗೆ ರೋಗ ಬಂದಿದೆ."

"ನಮ್ಮವು ಚೆನ್ನಾಗೇ ಅವಲ್ಲಾ ಸಾರ್! ನೋಡಿ, ಉಂಜ ಎಂಗೆ ಕುಣೀತೈತೆ."

"ಅದೇ ತೊಂದರೆ. ಹೊರಗೆ ಚೆನ್ನಾಗೇ ಕಾಣ್ತವೆ, ಒಳಗೆ ರೋಗ ಇಟ್ಕೊಂಡು ಓಡಾಡ್ತವೆ. ಒಂದಕ್ಕೆ ಬಂದ್ರೆ ಊರಿಗೇ ಹರಡುತ್ತೆ. ಸೈನ್ಸು ಅಮ್ಮಾ, ಸೈನ್ಸು."

ಚೆನ್ನಾಗಿರುವುದೇ ರೋಗದ ಲಕ್ಷಣ ಅಂದುಬಿಟ್ಟರೆ ಬ್ರಹ್ಮನೂ ವಾದ ಮಾಡಲಾರ. ಅಂಜಿನಮ್ಮ ಒಮ್ಮೆ ಹುಂಜದ ಮುಖ ನೋಡಿದಳು, ಒಮ್ಮೆ ಮೆಟ್ಟಿಲ ಮೇಲೆ ಅಳುಮೋರೆ ಹಾಕಿಕೊಂಡು ನಿಂತಿದ್ದ ಸ್ಫೂರ್ತಿಯ ಮುಖ ನೋಡಿದಳು. "ಔದಾ ಸಾರ್... ನೀವು ಓದಿರೋರು" ಎಂದಳು. ಕೊಟ್ರೇಶ ಗೂಡಿನ ಸುತ್ತ ಫಿನಾಯಿಲ್ ಚೆಲ್ಲಿ ವಿಜಯಶಾಲಿಯಾಗಿ ಮೇಲೆ ಬಂದ.

ಭಾನುವಾರ ಹೋಯಿತು. ಸೋಮವಾರ ಬೆಳಿಗ್ಗೆ ಚುಕ್ಕಿ ನಿಲ್ಲಲಾರದೆ ಪಕ್ಕಕ್ಕೆ ವಾಲಿತು. ಮಹಾದೇವಿ ಅದನ್ನು ಹಳೇ ಟವೆಲಿನಲ್ಲಿ ಸುತ್ತಿ, ತರಕಾರಿ ಬ್ಯಾಗಿನಲ್ಲಿಟ್ಟು, ಸ್ಕೂಟರಿನ ಪಕ್ಕ ಹೋಗಿ ನಿಂತಳು. "ತನಿಖೆ ಇನ್ನೂ ಮುಗಿದಿಲ್ಲ..." ಎಂದು ಕೊಟ್ರೇಶ ಶುರುಮಾಡಿದ. "ಗಾಡಿ ತೆಗೀರಿ" ಎಂದಳು. ಗಾಡಿ ತೆಗೆದ. ಸ್ಕೂಲಿಗೆ ಹೋಗಬೇಕಾದ ಸ್ಫೂರ್ತಿಯೂ ಹಟ ಹಿಡಿದು ಮುಂದೆ ನಿಂತುಕೊಂಡಳು.

ದನದ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯುತ್ತಿದ್ದರು. ಕೊಟ್ರೇಶ ಮೊಬೈಲು ತೆಗೆದು, "ಸಾರ್, ನಾನು ಅನಾಲಿಸಿಸ್ ಮಾಡಿಕೊಂಡೇ ಬಂದಿದ್ದೀನಿ. ಮೊದಲನೇ ಸಾಧ್ಯತೆ..." ಎಂದು ಉಪನ್ಯಾಸಕ್ಕೆ ನಿಂತ.

"ಅದನ್ನ ಒಳಗಿಡಿ. ಕೋಳಿ ಕೊಡಿ" ಎಂದರು ಡಾಕ್ಟರು. ಗಡ್ಡೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಸುಕಿದರು. "ಇದು ಗಡ್ಡೆ ಅಲ್ಲ. ತಿಂದ ಕಾಳು ಕೂಡಿಡೋ ಚೀಲ. ತುಂಬಿ ಕಟ್ಟಿಕೊಂಡಿದೆ, ಕೆಳಗೆ ಇಳೀತಾ ಇಲ್ಲ. ಏನ್ ತಿನ್ನಿಸ್ತೀರಿ?"

"ಜೋಳ ಸಾರ್. ಹೈ ಕ್ವಾಲಿಟಿ."

"ಓಡಾಡೋದು ಎಲ್ಲಿ? ಮಣ್ಣಲ್ಲಾ?"

"ಮಣ್ಣಾ?! ಟೈಲ್ಸ್ ಮೇಲೆ ಸಾರ್! ಎರಡು ತಿಂಗಳಿಂದ ಒಂದು ಕಲ್ಲು, ಒಂದು ಕಸ ಅದರ ಬಾಯಿಗೆ ಹೋಗಿಲ್ಲ. ಮೊನ್ನೆ ಜೋಳದಲ್ಲಿ ಒಂದೇ ಒಂದು ಕಲ್ಲಿತ್ತು, ಅದನ್ನೂ ನಾನೇ ಹುಡುಕಿ ತೆಗೆದೆ!"

ಡಾಕ್ಟರು ಪೆನ್ನು ಕೆಳಗಿಟ್ಟರು.

"ಕೋಳಿಗೆ ಹಲ್ಲಿದೆಯೇನ್ರೀ?"

"ಇಲ್ಲ ಸಾರ್."

"ಮತ್ತೆ ಜೋಳ ಯಾವುದರಲ್ಲಿ ಅರೀಬೇಕು ಅದು? ನುಂಗಿದ ಸಣ್ಣ ಕಲ್ಲುಗಳೇ ಅದರ ಹೊಟ್ಟೆಯೊಳಗಿನ ಬೀಸೋಕಲ್ಲು. ಮಣ್ಣು ಕೆದಕೋದು ಹುಳಕ್ಕೆ ಮಾತ್ರ ಅಲ್ಲ, ಕಲ್ಲಿಗೂ ಹೌದು. ಇದನ್ನ ಟೈಲ್ಸ್ ಮೇಲೆ ಹತ್ತಿಸಿದ ಮಹಾನುಭಾವರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಗಾದೆ. ಕೊಟ್ರೇಶ ಹೆಗಲು, ತಲೆ, ಕೊನೆಗೆ ಮಾಸ್ಕಿಲ್ಲದ ಮೂಗು, ಎಲ್ಲವನ್ನೂ ಮುಟ್ಟಿಕೊಂಡ. ಮಹಾದೇವಿ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡುತ್ತ ನಿಂತಿದ್ದಳು. ಆಕೆ ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಬದುಕ್ತೈತೇನ್ರೀ ಡಾಕ್ಟ್ರೇ?" ಎಂದಷ್ಟೇ ಕೇಳಿದಳು.

"ಖಾತ್ರಿ ಹೇಳಲ್ಲಮ್ಮ. ಸ್ವಲ್ಪ ಎಣ್ಣೆ ಬಿಟ್ಟು ಕಾಳು ಸಡಿಲ ಮಾಡ್ತೀನಿ. ಎರಡು ದಿನ ಗಂಜಿ ತಿಳಿ ಕೊಡಿ. ಚೇತರಿಸಿಕೊಂಡ್ರೆ ಮಣ್ಣಿಗೆ ಬಿಡಿ, ಉಳಿದ ಕೋಳಿಗಳ ಜೊತೆ."

ಆ ಎರಡು ದಿನ ಕೊಟ್ರೇಶ ರಜೆ ಹಾಕಿ ಚುಕ್ಕಿಯ ಪಕ್ಕದಲ್ಲೇ ಕೂತ. ಡ್ರಾಪರಿನಲ್ಲಿ ಗಂಜಿ ತಿಳಿ ಹಾಕಿದ. "ತಪ್ಪಾತು ಮಾದೇವಿ" ಎಂದು ಹೆಂಡತಿಗೂ ಹೇಳಿದ. "ನನಗ ಹೇಳಿದ್ರಿ. ಕೆಳಗಿನವ್ರಿಗೆ?" ಎಂದಳು. ಆಗ ಅವನಿಗೆ ಮತ್ತೊಂದು ಹೊಳೆಯಿತು. ಎರಡು ಬೆಳಿಗ್ಗೆಯಿಂದ ಹುಂಜ ಕೂಗಿಲ್ಲ.

ಬುಧವಾರ ಚುಕ್ಕಿ ಎದ್ದು ನಿಂತಿತು. ಒಂದು ಸಲ ಮೈ ಕೊಡವಿ 'ಕೊಕ್' ಎಂದಿತು. ಸ್ಫೂರ್ತಿ ಕುಣಿದಾಡಿ ಅದನ್ನೆತ್ತಿಕೊಂಡು ಕೆಳಗೋಡಿದಳು. ಹಿಂದೆಯೇ ಕೊಟ್ರೇಶ, ಮಹಾದೇವಿ ಇಳಿದರು.

ಹಿತ್ತಲು ಗುಡಿಸಿ ಸುಣ್ಣದ ಪುಡಿ ಎರಚಿತ್ತು. ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

"ಕೋಳಿಗಳು ಎಲ್ಲಿ ಅಜ್ಜಿ?" ಎಂದಳು ಸ್ಫೂರ್ತಿ.

"ಉಸಾರಾಯ್ತಾ ಮಗಾ ನಿನ್ ಕೋಳಿ? ಸದ್ಯ!" ಎಂದು ಅಂಜಿನಮ್ಮ ಚುಕ್ಕಿಯ ತಲೆ ಸವರಿದಳು. ಆಮೇಲೆ ಕೊಟ್ರೇಶನ ಕಡೆ ತಿರುಗಿ, "ಕೊಟ್ಬುಟ್ಟೆ ಸಾರ್, ಕೋಳಿ ಅಂಗಡಿಯೋನ್ಗೆ. ಮಗೂ ಕೋಳಿಗೆ ತಗಲ್ತದೆ, ಊರಿಗೆಲ್ಲ ಅರಡ್ತದೆ ಅಂದ್ರಲ್ಲ. ನಮ್ಮಿಂದ ಯಾಕೆ ಬೇರೆಯೋರ್ಗೆ ತೊಂದ್ರೆ?" ಎಂದಳು.

"ಹುಂಜಾನೂ?"

"ಉಂಜಾನೂವೆ."

ಕೊಟ್ರೇಶನಿಗೆ ಗಂಟಲು ಕಟ್ಟಿತು. ಚುಕ್ಕಿಗಾದರೆ ಡಾಕ್ಟರು ಎಣ್ಣೆ ಬಿಟ್ಟರು, ಇವನಿಗೆ ಯಾರು ಬಿಡಬೇಕು? "ಅಮ್ಮಾ, ನಿಮ್ಮ ಕೋಳಿಗೆ ಏನೂ ಆಗಿರಲಿಲ್ಲ. ತಪ್ಪೆಲ್ಲ ನಂದು. ನಾನೇ ಇದನ್ನ ಮಣ್ಣು ಮುಟ್ಟದ ಹಾಗೆ ಇಟ್ಟು ಕಾಯಿಲೆ ತರಿಸಿದ್ದು" ಎಂದು ಹೇಗೋ ಹೇಳಿ ಮುಗಿಸಿದ.

ಅಂಜಿನಮ್ಮನಿಗೆ ಸಿಟ್ಟು ಬಂತು. ಬರಲೇಬೇಕಲ್ಲ! "ಏನ್ ಸಾರ್ ನೀವು! ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಕ್ಕೆ ಏನ್ ಬಂದಿತ್ತು? ಆ ಉಂಜ ಅಂಗೈ ಮ್ಯಾಲಿದ್ದಾಗಿಂದ ಸಾಕಿದ್ನಲ್ಲಾ!" ಎಂದವಳೇ ಗೋಡೆಯ ಕಡೆ ತಿರುಗಿ ನಿಂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕೊಟ್ರೇಶ ಆಡಿದ ಮಾತಿಗೆ ಒಂದು ಗೂಡಿನ ಕೋಳಿಗಳೇ ಹೋಗಿದ್ದವು. ಅವನಿಗೆ ನಿಜವಾಗಿಯೂ ಅಳು ಬಂತು.

ಸ್ಫೂರ್ತಿ ಯಾರನ್ನೂ ಕೇಳಲಿಲ್ಲ. ಚುಕ್ಕಿಯನ್ನು ಅಂಜಿನಮ್ಮನ ಮಡಿಲಿಗೆ ಹಾಕಿ, "ಅಜ್ಜಿ, ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ. ನಾನು ದಿನಾ ಬರ್ತೀನಿ" ಎಂದಳು.

ಕೊಟ್ರೇಶ ಆ ವಾರವೆಲ್ಲ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಹುಂಜ ಕೂಗುವ ಹೊತ್ತಿಗೆ ತಾನಾಗಿ ಎಚ್ಚರವಾಗುತ್ತಿತ್ತು, ಹೊರಗೆ ತುಮಕೂರು ರೋಡಿನ ಲಾರಿಗಳ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಅಂಗಡಿಯವನನ್ನು ಹೋಗಿ ಕೇಳಿದ. ಅವನು ನಕ್ಕ, ಅಷ್ಟೆ. ಶನಿವಾರ ರಾತ್ರಿ ಕೊಟ್ರೇಶ ಒಂದು ನಿರ್ಧಾರಕ್ಕೆ ಬಂದ. ಹೋದದ್ದನ್ನು ತರಲಾಗದು, ಅಂಥದ್ದನ್ನೇ ತಂದರಾಯಿತು!

ಭಾನುವಾರ ಯಾರಿಗೂ ಹೇಳದೆ ಸಂತೆಗೆ ಹೋದ. ಹುಟ್ಟಿದಾಗಿನಿಂದ ಕೋಳಿ ವ್ಯಾಪಾರದ ಕಡೆ ತಲೆ ಹಾಕಿ ಮಲಗದ ಕುಲದವನು, ಮೂಗಿಗೆ ಕರ್ಚೀಫು ಹಿಡಿದು, ಸಾಲಿನಲ್ಲಿ ಎಲ್ಲಕ್ಕಿಂತ ಗಂಭೀರವಾಗಿ, ಶಾಂತವಾಗಿ, ಅರೆಗಣ್ಣು ಮುಚ್ಚಿ ಧ್ಯಾನಸ್ಥನಾಗಿ ಕೂತಿದ್ದ ಕೆಂಪು ಹುಂಜವೊಂದನ್ನು ಆರಿಸಿದ. ಬೇರೆ ಹುಂಜಗಳೆಲ್ಲ ಒದರಾಡುತ್ತಿದ್ದವು. ಇದು ಮಾತ್ರ ಸಂಭಾವಿತ.

ಹಿತ್ತಲಲ್ಲಿ ಎಲ್ಲರನ್ನೂ ಕರೆದು ಚೀಲದ ಬಾಯಿ ಬಿಚ್ಚಿದ. "ಅಮ್ಮಾ, ನಿಮ್ಮ ಹುಂಜದ ಋಣ ತೀರಿಸೋಕೆ ಆಗಲ್ಲ. ಆದ್ರೂ ಇದನ್ನ ಇಟ್ಕೊಳ್ಳಿ" ಎಂದ. ಅಂಜಿನಮ್ಮನ ಮುಖ ಕೊಂಚ ಸಡಿಲವಾಯಿತು. "ಯಾಕ್ ಸಾರ್ ಇದೆಲ್ಲಾ..." ಎಂದು ಬಗ್ಗಿದಳು.

ಹುಂಜ ಹೊರಗೆ ಬಂತು. ಎರಡು ಹೆಜ್ಜೆ ಇಟ್ಟಿತು. ನಿಂತಿತು. ತಲೆ ಒದರಿ, ಮನುಷ್ಯರ ಹಾಗೆ ಒಂದು ಸೀನು ಸೀನಿತು. ಮೂಗಿನಿಂದ ಗೊಣ್ಣೆ ಇಳಿಯಿತು. ಮತ್ತೆ ಸೀನಿ, ಅಲ್ಲೇ ಕುಸಿದು ಕೂತಿತು.

ಅಂಜಿನಮ್ಮ ಚುಕ್ಕಿಯನ್ನು ಸೆರಗಿನಲ್ಲಿ ಬಾಚಿಕೊಂಡು ಒಳಗೋಡಿ ಬಾಗಿಲು ಹಾಕಿಕೊಂಡಳು. ಮಹಾದೇವಿ ಹುಂಜವನ್ನು ಸುತ್ತಲು ಹಳೇ ಟವೆಲು ತರಲು ಮೆಟ್ಟಿಲು ಹತ್ತಿದಳು.

ಕೊಟ್ರೇಶ ಬಾಯಿ ತೆರೆದ. ಅಷ್ಟರಲ್ಲಿ ಸ್ಫೂರ್ತಿ ಬಂದು ಅವನ ಕೈ ಹಿಡಿದುಕೊಂಡಳು.

"ಅಪ್ಪಾ, ಪ್ಲೀಸ್... ಈ ಸಲ ನೀವು ಏನೂ ಕಂಡುಹಿಡಿಬೇಡಿ."