ಗುಲಾಬಿಯ ಎಲೆಗೆ ಪಾಸ್ತಾ

ಲೀಲಾಧರ ಮುಂಬಯಿಯ ಹೋಟೆಲಿನಲ್ಲಿ ಅರ್ಧ ಆಯುಷ್ಯ ಕಳೆದವನು. ಕಳೆದದ್ದು ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ. ಅಡುಗೆ ಕೋಣೆಗೆ ಅವನು ತಲೆ ಹಾಕುತ್ತಿದ್ದದ್ದು ಚಾ ತಡವಾದಾಗ ಬೈಯಲಿಕ್ಕೆ. ಈ ಗುಟ್ಟು ಇಡೀ ಬಿಜೂರಿನಲ್ಲಿ ಗೊತ್ತಿದ್ದದ್ದು ಅವನ ಹೆಂಡತಿ ಗುಲಾಬಿ ಒಬ್ಬಳಿಗೇ. ಅವಳು ತೀರಿಕೊಂಡು ಇವತ್ತಿಗೆ ವರ್ಷ ತುಂಬಿತ್ತು, ಗುಟ್ಟೂ ಅವಳ ಜೊತೆಗೇ ಹೋಗಿತ್ತು.

ಹಾಗಾಗಿ ಬೆಳಿಗ್ಗೆ ಅವನು ಕುಂದಾಪುರದ ಪೇಟೆಯಿಂದ ಪಾಸ್ತಾದ ಪ್ಯಾಕೆಟ್ಟೊಂದನ್ನು ತಂದು ಅಡುಗೆ ಕಟ್ಟೆಯ ಮೇಲಿಟ್ಟಾಗ, ಹೋಟೆಲಿನವನಲ್ಲವೇ, ಮಾಡಿಯಾನು ಎಂದೇ ಎಲ್ಲರೂ ಎಣಿಸಿದರು. ತೊಂದರೆ ಶುರುವಾದದ್ದು ಅಲ್ಲಿಂದ.

ಅಂದು ಸಂಜೆ ಗುಲಾಬಿಗೆ ಎಲೆ ಹಾಕುವುದಿತ್ತು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ದೀಪ ಹಚ್ಚುವ ಹೊತ್ತಿಗೆ ಒಳಕೋಣೆಯಲ್ಲಿ ಬಾಳೆಲೆಯ ಮೇಲೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂತು ಕಾಯುವುದು. ಸತ್ತವರು ಬಂದು ಉಂಡು ಹೋಗಲಿಕ್ಕೆ ಅಷ್ಟು ಹೊತ್ತು. ಆಮೇಲೆ ಮನೆಯ ಯಜಮಾನ ಬಾಗಿಲು ತಟ್ಟಿ ತೆಗೆಯಬೇಕು. ಆ ಎಲೆಯ ಊಟ ಅವನದು, ಪಾತ್ರೆಯಲ್ಲಿ ಉಳಿದದ್ದು ಎಲ್ಲರದು. ಕಟ್ಟಳೆ ಒಂದೇ, ಬಡಿಸುವ ಮೊದಲು ಯಾರೂ ರುಚಿ ನೋಡುವ ಹಾಗಿಲ್ಲ. ಉಪ್ಪು ಖಾರ ಎಲ್ಲ ಅಂದಾಜಿನ ಮೇಲೆ.

ಎಲೆಯಲ್ಲಿ ಏನೇನು ಇರಬೇಕೆಂದು ಲೀಲಾಧರನ ಅಕ್ಕ ಕಮಲ ಮೊದಲೇ ತೀರ್ಮಾನ ಮಾಡಿಯಾಗಿತ್ತು.

"ಗುಲಾಬಿಗೆ ಬಂಗ್ಡಿ ಸಾರ್ ಅಂದ್ರೆ ಜೀವ," ಎಂದಿದ್ದಳು. ಬಂಗುಡೆ ಕಂಡರೆ ಜೀವ ಬಿಡುವವಳು ಕಮಲ.

"ಗುಲಾಬಕ್ಕಂಗೆ ಕೋಳಿ ಸುಕ್ಕ ಇಲ್ದಿರೆ ಆತಿಲ್ಲೆ," ಎಂದಿದ್ದ ಪಕ್ಕದ ಮನೆಯ ಚಂದಯ್ಯ. "ಬದಿಯಂಗೆ ಒಂದ್ ಚೂರ್ ಬ್ರಾಂಡಿ ಇಟ್ರೂ ತಪ್ಪಿಲ್ಲೆ."

ಗುಲಾಬಿ ಬದುಕಿರುವಾಗ ಬ್ರಾಂಡಿಯ ವಾಸನೆಗೇ ಸೆರಗಿನಲ್ಲಿ ಮೂಗು ಮುಚ್ಚುತ್ತಿದ್ದಳು. ಆದರೆ ಸತ್ತವರಿಗೆ ಏನಿಷ್ಟ ಎನ್ನುವುದು ಸತ್ತವರಿಗಿಂತ ಉಣ್ಣಲು ಬರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಲೀಲಾಧರ ಇಬ್ಬರಿಗೂ ತಲೆಯಾಡಿಸಿದ. ಅವನಿಗೂ ಒಂದು ಗೊತ್ತಿತ್ತು, ಹೇಳಲಿಕ್ಕೆ ನಾಚಿಕೆ. ಗುಲಾಬಿ ಹೋಗುವ ಕೆಲವು ತಿಂಗಳ ಮೊದಲು ಮೊಬೈಲಿನಲ್ಲಿ ಒಂದು ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಅಮೆರಿಕದ ಹೆಂಗಸೊಬ್ಬಳು ಕೇಜನ್ ಎಂಬ ಅಲ್ಲಿಯ ಖಾರದ ಮಸಾಲೆ ಹಾಕಿ ಮಾಂಸ, ಪಾಸ್ತಾ ಮಾಡುವ ವಿಡಿಯೋ. ಒಂದು ದಿನ ಇವನು ಪೇಟೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಹತ್ತಿರ ಬಂದು, "ಪಾಸ್ತಾ, ಆ ಕೇಜನ್ ಮಸಾಲಿ ಸಿಕ್ರೆ ತತ್ರ್ಯಾ?" ಎಂದು ಕೇಳಿದಳು. ಜಗಲಿಯಲ್ಲಿ ಜನವಿತ್ತು. ಇವನು, "ಮೊಮ್ಮಕ್ಕಳನ್ ಆಡ್ಸು ಪ್ರಾಯದಂಗೆ ಇದೆಂತ ಬಾಯಿಚಪಲ ನಿಂಗೆ?" ಎಂದು ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದವಳು ಕುಸಿದು ಬಿದ್ದಳು, ಏಳಲಿಲ್ಲ.

ವರ್ಷವಿಡೀ ಊಟಕ್ಕೆ ಕೂತಾಗಲೆಲ್ಲ ತನ್ನ ಆ ಮಾತು ಅವನಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಆಗುತ್ತಿತ್ತು. ಇಡೀ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದು. ಅದನ್ನಾದರೂ ತಾನೇ ಕೈಯಾರೆ ಮಾಡಿ ಅವಳ ಎಲೆಗೆ ಬಡಿಸಬೇಕು, ಇಲ್ಲದಿದ್ದರೆ ತನಗೆ ಅನ್ನ ಇಳಿಯಲಿಕ್ಕಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಸಿದ್ದಾಪುರಕ್ಕೆ ಮದುವೆ ಮಾಡಿಕೊಟ್ಟ ಮಗಳು ದಿವ್ಯಾಳಿಗೂ ಫೋನಿನಲ್ಲಿ, "ಅಮ್ಮಂಗೆ ಇಷ್ಟದ್ದ್ ಒಂದ್ ನಾನೇ ಮಾಡ್ತೆ, ಬಂದ್ ಕಾಣ್," ಎಂದಷ್ಟೇ ಹೇಳಿದ್ದ.

ಮಧ್ಯಾಹ್ನ ಕಮಲ ಒಂದು ಒಲೆ ಬಿಟ್ಟುಕೊಟ್ಟಳು. ಲೀಲಾಧರ ಪಂಚೆ ಎತ್ತಿಕಟ್ಟಿ, ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಅದೇ ವಿಡಿಯೋ ಹಚ್ಚಿದ. ಅಮೆರಿಕದ ಹೆಂಗಸಿನ ಮಾತನ್ನು ಮೊಬೈಲೇ ಕನ್ನಡಕ್ಕೆ ತಿರುಗಿಸಿ, ವಾರ್ತೆ ಓದುವವರ ಗತ್ತಿನಲ್ಲಿ ಹೇಳುತ್ತಿತ್ತು. ಈರುಳ್ಳಿ ಹೆಚ್ಚುವಾಗ ಹೆಬ್ಬೆರಳೂ ಸ್ವಲ್ಪ ಹೆಚ್ಚಿಕೊಂಡಿತು. ಪಾಸ್ತಾ ಎಷ್ಟು ಬೇಯಬೇಕೆಂದು ವಿಡಿಯೋ ಹೇಳುವಾಗ ಅವನು ಬೆರಳಿಗೆ ಬಟ್ಟೆ ಸುತ್ತುತ್ತಿದ್ದ.

"ಅಕ್ಕ, ಇದ್ ಎಷ್ಟ್ ಬೇಯ್ಕ್?"

"ಕುಚ್ಚಲಕ್ಕಿ ಬೇಯು ಹಾಂಗ್ ಬೇಯ್ಲಿ," ಎಂದಳು ಕಮಲ, ಬಂಗುಡೆಯಿಂದ ಕಣ್ಣು ತೆಗೆಯದೆ.

ಕುಚ್ಚಲಕ್ಕಿಯ ಹಾಗೆ ಬೆಂದ ಪಾಸ್ತಾ ಉಬ್ಬಿ, ಬಾಯಿ ಬಿಟ್ಟು, ಒಂದಕ್ಕೊಂದು ಅಂಟಿಕೊಂಡಿತು. ಅದನ್ನು ಬಸಿದಿಟ್ಟು, ಬೈಂದೂರಿನಿಂದ ತಂದ ಮಟನ್ನಿಗೆ ಮಸಾಲೆ ಸವರುತ್ತಿದ್ದಾಗ ಮೊಬೈಲು ಸ್ಪಷ್ಟವಾದ ಕನ್ನಡದಲ್ಲಿ, "ಈಗ ದನದ ಮಾಂಸವನ್ನು ಬಾಣಲೆಗೆ ಹಾಕಿ, ಕಂದು ಬಣ್ಣ ಬರುವವರೆಗೆ ಹುರಿಯಿರಿ," ಎಂದಿತು.

ಲೀಲಾಧರ ಥಟ್ಟನೆ ಮೊಬೈಲಿನ ಕಡೆ ತಿರುಗಿದ. ಕೈಯೆಲ್ಲ ಮಸಾಲೆ. ಮೊಣಕೈಯಿಂದ ನಿಲ್ಲಿಸಲು ಹೋದ. ಮೊಬೈಲು ಮಗುಚಿ ಬಿದ್ದು, ಸ್ವರ ಏರಿ, ವಿಡಿಯೋ ಹಿಂದಕ್ಕೆ ಓಡಿ, ಅದೇ ಮಾತನ್ನು ಊರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿತು. ಕಿಟಕಿಯಲ್ಲಿ ಚಂದಯ್ಯನ ಮುಖ ಕಾಣಿಸಿತು. ಕೈಯಲ್ಲಿ ಸುಕ್ಕದ ಪಾತ್ರೆ.

"ಹ್ವಾಯ್ ಲೀಲಣ್ಣ, ಎಂತ ಮಾಡ್ತ್ರಿ?"

"ಮಟನ್ ಮಾರಾಯಾ."

"ಅದ್ ಬೇರೆ ಎಂತದೋ ಹೇಳ್ತಿತ್ತಲೆ."

"ಅವ್ರ ಊರಂಗೆ ಅದ್. ನಮ್ದ್ ಮಟನ್."

"ನಂಗೆ ನಿಮ್ಮ ಮೇಲ್ ಪೂರ್ತಿ ನಂಬಿಕಿ ಇತ್ತ್," ಎನ್ನುತ್ತ ಚಂದಯ್ಯ ಒಳಗೆ ಬಂದು ಬಾಣಲೆಗೆ ಬಗ್ಗಿದ. ಕಮಲಳೂ ಸೌಟು ಹಿಡಿದೇ ಬಂದು ಬಗ್ಗಿದಳು. ಬೇಕಾದರೆ ತಿಂದು ನೋಡಿ ಎನ್ನಲು ಬಾಯಿ ತೆರೆದ ಲೀಲಾಧರ ಹಾಗೇ ಮುಚ್ಚಿದ. ರುಚಿ ನೋಡುವ ಹಾಗಿಲ್ಲವಲ್ಲ. ಕೊನೆಗೆ ಚಂದಯ್ಯ ಬೈಂದೂರಿನ ಮಟನ್ ಅಂಗಡಿಗೇ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಹಿಡಿದ.

"ಬಿಜೂರ್ ಲೀಲಣ್ಣ ಅಲ್ದಾ? ಕುರಿ ತಕಂಡ್ ಹೋಯ್ರ್," ಎಂದಿತು ಅಂಗಡಿಯ ಸ್ವರ. "ಎಲುಬ್ ಬ್ಯಾಡ ಅಂದೇಳಿ ನನ್ನ ತಲಿ ತಿಂದ್ರ್."

ಮಾನ ಉಳಿಯಿತು. ಅಷ್ಟರಲ್ಲಿ ಮಟನ್ ತಳ ಹಿಡಿದಿತ್ತು.

"ಸರಿ ಕಾಣ್, ಸುಟ್ ಹೋಯ್ತ್. ಸರ್ಕೋ ಅತ್ಲಾಗ್," ಎಂದು ಕಮಲ ಸೌಟು ಕಿತ್ತುಕೊಂಡಳು. ವಿಡಿಯೋದವಳು ಕ್ರೀಮ್ ಎಂದ ಕಡೆ ಕಮಲ ತೆಂಗಿನಕಾಯಿ ಹಾಲು ಸುರಿದಳು. ಕೇಜನ್ ಮಸಾಲೆಯ ಬಾಟಲಿಯನ್ನು ಮೂಸಿ, "ಇದ್ರಂಗೆ ಖಾರವೇ ಇಲ್ಲೆ, ಗುಲಾಬಿ ಹೆದ್ರಿಕಂಡ್ ತಿಂಬೋಳಾ?" ಎಂದು ತನ್ನ ಸುಕ್ಕದ ಪುಡಿ ಬೆರೆಸಿದಳು. ಅವಳು ಅತ್ತ ತಿರುಗಿದಾಗ ಚಂದಯ್ಯ ಒಂದು ಮುಷ್ಟಿ ಕಾಳುಮೆಣಸಿನ ಪುಡಿ ಹಾಕಿದ. ಉಪ್ಪನ್ನು ಮಾತ್ರ ಮೂವರೂ ಹಾಕಿದರು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ.

"ನೀವ್ ತಿಂದಿದ್ರ್ಯಾ ಇದನ್ನ?" ಎಂದು ಕೇಳಿದ ಚಂದಯ್ಯ.

"ಒಂದ್ ಸಲ. ಮುಂಬಯಿಯಂಗೆ, ಧಣಿ ಮಗಳ ಮದ್ವಿಗೆ."

ಹೇಳುವಾಗಲೇ ಬಾಯಲ್ಲಿ ನೀರೂರಿತು. ಇಂಥ ದಿನ ಹೀಗಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂದು ಲೀಲಾಧರ ಮುಖ ತಿರುಗಿಸಿದ. ಗುಲಾಬಿ ದಿನಾ ಬಡಿಸಿ ಬಾಗಿಲಿಗೆ ಒರಗಿ ನಿಂತು "ಹ್ಯಾಂಗಾಯ್ತ್?" ಎಂದು ಕೇಳುತ್ತಿದ್ದಳು. ಇವನು ಪೇಪರಿನಿಂದ ತಲೆ ಎತ್ತದೆ "ಉಪ್ಪ್ ತಾ" ಎನ್ನುತ್ತಿದ್ದ. ಇವತ್ತು ಅವಳು ಉಂಡ ಮೇಲೆ ಹ್ಯಾಂಗಾಯ್ತ್ ಎಂದು ತಾನು ಕೇಳುವುದು ಯಾರ ಹತ್ತಿರ?

ಕತ್ತಲಾಗುತ್ತ ಬಂತು. ದಿವ್ಯಾಳ ಬಸ್ಸು ಬಂದಿರಲಿಲ್ಲ. ಹೊತ್ತು ಮೀರಬಾರದೆಂದು ಕಮಲ ಎಲೆ ಹಾಕಿಸಿದಳು. ಬಂಗುಡೆ ಒಂದು ಬದಿ, ಸುಕ್ಕ ಒಂದು ಬದಿ, ಎಲೆಯ ಆಚೆ ಚಂದಯ್ಯನ ಬ್ರಾಂಡಿ. ನಡುವೆ ಲೀಲಾಧರ ತನ್ನ ಕೈಯಾರೆ ಪಾಸ್ತಾ ಬಡಿಸಿದ. ಅದು ವಿಡಿಯೋದಲ್ಲಿ ಕಂಡದ್ದರ ಹಾಗೆ ಏನೂ ಇರಲಿಲ್ಲ. ಆದರೂ ಅವನು ಗೋಡೆಯ ಮೇಲಿನ ಗುಲಾಬಿಯ ಪಟ ನೋಡಿ, "ತಡ ಆಯ್ತ್ ಮಾರಾಯ್ತಿ. ಹೊಟ್ಟಿ ತುಂಬ ತಿನ್," ಎಂದು ಮೆಲ್ಲಗೆ ಹೇಳಿ ಬಾಗಿಲು ಮುಚ್ಚಿದ. ವರ್ಷದಿಂದ ಗಂಟಲಲ್ಲಿದ್ದ ಮುಳ್ಳು ಇಳಿದ ಹಾಗಾಯಿತು. ಹೊರಗೆ ಚಾಪೆಯ ಮೇಲೆ ಕೂತಾಗ ಅವನ ಮುಖ ನೋಡಿ ಕಮಲಳಿಗೂ ಸಮಾಧಾನವಾಯಿತು.

ಆಗ ದಿವ್ಯಾ ಬಂದಳು. ಕಾಲು ತೊಳೆದು ಒಳಗೆ ಬಂದವಳು ಮೂಗರಳಿಸಿದಳು.

"ಎಂತ ಅಪ್ಪಯ್ಯ ಇದ್ ವಾಸನಿ?"

"ಪಾಸ್ತಾ," ಎಂದ ಲೀಲಾಧರ ತಗ್ಗಿದ ಸ್ವರದಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ. "ನಿನ್ನಮ್ಮ ಆಸಿ ಪಟ್ ಕೇಂಡದ್ದ್. ನಾನ್ ಆವತ್ತ್ ತಂದ್ ಕೊಡ್ಲಿಲ್ಲೆ. ಇವತ್ತ್ ಬಡ್ಸಿದೆ."

ದಿವ್ಯಾ ಮುಚ್ಚಿದ ಬಾಗಿಲು ನೋಡಿದಳು, ಅಪ್ಪನನ್ನು ನೋಡಿದಳು.

"ಅಪ್ಪಯ್ಯ, ಅಮ್ಮಂಗೆ ಅದ್ ಕಂಡ್ರೆ ಆತಿರ್ಲಿಲ್ಲೆ."

"ದಿನಾ ಆ ವಿಡಿಯೋ ಕಾಣ್ತಿದ್ಲಲೆ?"

"ಕಲಿಯುಕೆ. ನಿಮ್ಗೆ ಮಾಡಿ ಹಾಕುಕೆ. ಮುಂಬಯಿಯಂಗೆ ತಿಂದದ್ದನ್ನ ನೀವ್ ಎಷ್ಟ್ ಸಲ ವರ್ಣನೆ ಮಾಡಿದ್ರಿ ಅವ್ಳ ಹತ್ರ. ನಿಮ್ಮ ಅರವತ್ತಕ್ಕೆ ಬಡ್ಸುದ್ ಅಂದೇಳಿ ಇದ್ಲ್. ನಮ್ಮನಿಗೆ ಬಂದಾಗ ಒಂದ್ಸಲ ಮಾಡಿ ಕಂಡ್ಲ್. ಒಂದ್ ಚಮಚ ಬಾಯಿಗ್ ಹಾಕ್ಕಂಡದ್ದೇ ಬಚ್ಚಲಿಗೆ ಓಡಿದ್ಲ್. 'ಹುಳ ತಿಂದ ಹಾಂಗ್ ಆತ್ತ್ ಮಗಾ, ಆರೆ ಅವ್ರಿಗೆ ಇಷ್ಟ ಅಲ್ದಾ,' ಅಂದ್ಲ್."

ಲೀಲಾಧರ ಬಾಗಿಲನ್ನೇ ನೋಡಿದ. ಒಳಗೆ ಗುಲಾಬಿ ವಾಕರಿಕೆ ತಡೆದುಕೊಂಡು ಎಲೆಯ ಮುಂದೆ ಕೂತಿದ್ದಾಳೆ ಎನಿಸಿತು. ಗಂಡ ಬಡಿಸಿದ್ದು, ಬೇಡ ಎನ್ನುವವಳಲ್ಲ. ಬದುಕಿದ್ದಾಗ ಬಾಯಿಚಪಲದವಳು ಎಂದು ಹತ್ತು ಜನರೆದುರು ನಗೆಯಾಡಿದ್ದಾಯಿತು, ಸತ್ತ ಮೇಲೆ ಬೇಡದ್ದನ್ನು ತಿನ್ನಿಸಿದ್ದೂ ಆಯಿತು. ಅವನಿಗೆ ಅಳು ಉಕ್ಕಿ ಬಂತು.

"ಹಾಂಗಾರೆ ಅವ್ಳಿಗೆ ಎಂತ ಇಷ್ಟ ಇದ್ದಿತ್?" ಎಂದು ಕೇಳಿದ.

"ಬಂಗ್ಡಿ," ಎಂದ ಚಂದಯ್ಯ.

"ಅದ್ ನಂಗೆ," ಎಂದಳು ಕಮಲ ನೆಲ ನೋಡುತ್ತ. "ನಂಗ್ ನಡು ತುಂಡ್ ಹಾಕಿ ಅವ್ಳ್ ಬಾಲ ತಿಂದ್ಕಂಡ್ ಇದ್ಲ್." ಸ್ವಲ್ಪ ತಡೆದು, "ಕೋಳಿ ಸುಕ್ಕ ಇದ್ದಿತೋ ಏನೋ," ಎಂದಳು.

ಚಂದಯ್ಯ ತಲೆ ಕೆರೆದುಕೊಂಡ. ಸುಕ್ಕ ಯಾರಿಗೆ ಇಷ್ಟ ಎಂದು ಅವನು ಹೇಳಬೇಕಾಗಿರಲಿಲ್ಲ.

"ನಿಂಗ್ ಗೊತ್ತಿತ್ತಾ ಮಗಾ?" ಎಂದು ಲೀಲಾಧರ ಮಗಳನ್ನು ಕೇಳಿದ.

ದಿವ್ಯಾ ಅಡುಗೆ ಕೋಣೆಯ ಕಡೆ ನೋಡಿದಳು. "ನಾವೆಲ್ಲ ಉಂಡ್ ಎದ್ದ್ ಮೇಲ್ ಅಲ್ದಾ ಅವ್ಳ್ ಉಂಬುದ್," ಎಂದಳು ಕೊನೆಗೆ. "ಎಂತ ಉಂಡ್ಲ್ ಅಂದೇಳಿ ನಾನ್ ಕಾಣ್ಲೇ ಇಲ್ಲೆ."

ಲೀಲಾಧರ ಎದ್ದು ಬಾಗಿಲು ತಟ್ಟಿದ.

"ಇನ್ನೂ ಹೊತ್ತ್ ಆಯ್ಲಿಲ್ಲೆ," ಎಂದಳು ಕಮಲ.

"ಸಾಕ್ ಅಕ್ಕ. ಏಳ್ಲಿ ಅವ್ಳ್."

ಬಾಗಿಲು ತೆಗೆದ. ಎಲೆ ಬಡಿಸಿದ ಹಾಗೇ ಇತ್ತು. ಕಟ್ಟಳೆಯ ಪ್ರಕಾರ ಅವನು ಅದರ ಮುಂದೆ ಕೂತ, ಉಳಿದವರು ಸಾಲಾಗಿ ಕೂತರು. ಪಾಸ್ತಾ ಬಾಯಿಗೆ ಹಾಕಿದ ಚಂದಯ್ಯ ಕೆಮ್ಮಿ ಕೆಮ್ಮಿ ನೀರು ಕುಡಿದ, ನೀರು ಸಾಲದೆ ಬ್ರಾಂಡಿಗೂ ಕೈ ಹಾಕಿದ. ಕಮಲ ಬೆಲ್ಲ ಹುಡುಕಿಕೊಂಡು ಎದ್ದಳು. ದಿವ್ಯಾ ಮುಟ್ಟಲಿಲ್ಲ.

ಲೀಲಾಧರ ಒಂದು ತುತ್ತು ತಿಂದ. ಇನ್ನೊಂದು ತಿಂದ. ತಳ ಹಿಡಿದ ಮಟನ್, ಕಾಯಿಹಾಲು, ಯಾರ್ಯಾರೋ ಕಣ್ಣಳತೆಯಲ್ಲಿ ಸುರಿದ ಖಾರ, ಮೂರು ಕೈಯ ಉಪ್ಪು. ಮುಂಬಯಿಯ ಮದುವೆಯಲ್ಲಿ ತಿಂದದ್ದು ಇದರ ಮುಂದೆ ಸಪ್ಪೆ. ಎಲೆ ಗುಲಾಬಿಯದು, ರುಚಿ ಅವನಿಗೆ ಬೇಕಾದ ಹಾಗೆ. ಆ ಮನೆಯಲ್ಲಿ ಅಷ್ಟು ವರ್ಷ ನಡೆದದ್ದೂ ಹಾಗೇ ಎಂದು ಅವನಿಗೆ ಅನ್ನಿಸಿತು, ಕಣ್ಣಿಂದ ನೀರು ಎಲೆಯ ಮೇಲೆ ಬಿತ್ತು.

"ಖಾರ ಜಾಸ್ತಿ ಆಯ್ತನಾ?" ಎಂದು ಕೇಳಿದಳು ಕಮಲ.

"ಇಲ್ಲೆ ಅಕ್ಕ." ಅವನು ತಲೆ ಎತ್ತಿ ಪಟದ ಕಡೆ ತಿರುಗಿ, ಸ್ವಲ್ಪ ಗಟ್ಟಿಯಾಗಿ, "ಲಾಯ್ಕ್ ಆಯ್ತ್," ಎಂದ.

ಚಂದಯ್ಯ ಕಣ್ಣು ಒರೆಸಿಕೊಳ್ಳುತ್ತ ದಿವ್ಯಾಳ ಕಡೆ ಬಗ್ಗಿದ. "ತಾನ್ ಮಾಡಿದ್ದನ್ನ ತಾನೇ ಹೊಗ್ಳ್ಕಂಬುದ್ ಕಂಡ್ಯಾ? ಎಷ್ಟಂದ್ರೂ ಹೋಟೆಲಿನವ್ರ್," ಎಂದು ಹೇಳಿ, ಲೀಲಾಧರ ಬೇಡ ಎನ್ನುವ ಮೊದಲೇ ಅವನ ಎಲೆಗೆ ಇನ್ನೊಂದು ಸೌಟು ಪಾಸ್ತಾ ಸುರಿದ.